ಆರ್ಮಿಯೋ, ನೇವಿಯೋ, ಏರ್‌ಫೋರ್ಸೋ?

ಪಿಯುಸಿ ಫಲಿತಾಂಶದ ಹೊತ್ತಿಗೆ ನಮ್ಮ ಉತ್ತರ ಕರ್ನಾಟಕದ ಕಡೆ ಈ ಪ್ರಶ್ನೆ ಹೊತ್ತು ನನ್ನ ಹತ್ತಿರ ಸಲಹೆಗೆ ಬರುವ ಹುಡುಗರು ಜಾಸ್ತಿ. "ಮೇಡಂ, ಭರ್ತಿ ಆಗಬೇಕು, ಯಾವುದಕ್ಕ ಹೋಗ್ಲಿ?" ಅನ್ನುತ್ತಾರೆ. ಅಷ್ಟರಲ್ಲಾಗಲೇ ಮನೆಯವರು ತಮ್ಮ ತಮ್ಮ ಇಷ್ಟದ ಸಮವಸ್ತ್ರ ಆರಿಸಿಟ್ಟಿರುತ್ತಾರೆ. ಹಾಗೆ ಬಂದ ಒಬ್ಬನ ವಿಷಯ ಇದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಒಕ್ಕಲುತನದ ಮನೆ. ಹುಡುಗ ವಿಜ್ಞಾನ ಓದಿದ್ದ. ಕಾಕಾ ಸೇನೆಯ ಇನ್‌ಫೆಂಟ್ರಿಯಲ್ಲಿ, ಅಂದರೆ ಕಾಲಾಳು ಪಡೆಯಲ್ಲಿ, ಹವಾಲ್ದಾರ್ ಆಗಿ ನಿವೃತ್ತರಾದವರು. ಬಂದೂಕು ಹಿಡಿದು ಮುಂದೆ ನಿಂತವನೇ ಸೈನಿಕ ಅನ್ನುವುದು ಅವರ ಮಾತು. ತಾಯಿಗೆ ಏರ್‌ಫೋರ್ಸ್ ಬೇಕು. ಅಲ್ಲಿ ಜೀವಕ್ಕೆ ಭಯವಿಲ್ಲ, ತರಬೇತಿಯೂ ಬೆಳಗಾವಿ ಹತ್ತಿರದ ಸಾಂಬ್ರಾದಲ್ಲೇ ಅಂತ ಯಾರೋ ಹೇಳಿದ್ದರು. ಗೆಳೆಯರೆಲ್ಲ ನೇವಿ ಅರ್ಜಿ ತುಂಬಿದ್ದರು. ಹುಡುಗನನ್ನು ಕೇಳಿದರೆ "ಯಾವುದಾದ್ರೂ ಅಡ್ಡಿಯಿಲ್ರಿ" ಅಂದ. ಈ ಉತ್ತರ ನನ್ನನ್ನು ಕಳವಳಕ್ಕೆ ತಳ್ಳುತ್ತದೆ. ಹೀಗೆ ಹೇಳುವವನಿಗೆ ಇಷ್ಟ ಇಲ್ಲ ಅಂತಲ್ಲ, ಅವನ ಇಷ್ಟವನ್ನು ಯಾರೂ ಕೇಳಿರುವುದಿಲ್ಲ.

ಮುಂದಿನ ಸಲ ತಾಯಿ, ಕಾಕಾ ಇಬ್ಬರನ್ನೂ ಕರೆತರಲು ಹೇಳಿದೆ. ಅವರ ಎದುರಲ್ಲೇ ಹುಡುಗನನ್ನು ಕೇಳಿದೆ: "ಯಾರೂ ಹೇಳದೆ ನೀನಾಗೇ ಮಾಡೋ ಕೆಲಸ ಯಾವುದಪ್ಪಾ?"

"ಬೋರಿನ ಮೋಟರ್ ರಿಪೇರಿರಿ" ಅಂದ. ಆಮೇಲೆ ಅವನನ್ನು ನಿಲ್ಲಿಸಲು ಆಗಲಿಲ್ಲ. ಸ್ಟಾರ್ಟರ್ ಯಾಕೆ ಟ್ರಿಪ್ ಆಗುತ್ತದೆ, ವೈಂಡಿಂಗ್ ಸುಟ್ಟಿದ್ದು ವಾಸನೆಯಲ್ಲೇ ಹೇಗೆ ಗೊತ್ತಾಗುತ್ತದೆ, ರಾತ್ರಿ ತ್ರೀ ಫೇಸ್ ಬಂದಾಗ ಅಕ್ಕಪಕ್ಕದ ಹೊಲದವರು ತನ್ನನ್ನೇ ಯಾಕೆ ಕರೆಯುತ್ತಾರೆ, ಎಲ್ಲ ಹೇಳಿದ.

"ಅದು ಮಿಸ್ತ್ರಿ ಕೆಲಸ. ಫೌಜಿ ಕೆಲಸ ಅಲ್ಲ" ಅಂದರು ಕಾಕಾ. ಹುಡುಗ ಸುಮ್ಮನಾದ.

ನಾನು ಅವರನ್ನು ಕೇಳಿದೆ: "ಗುಡ್ಡದ ಮೇಲೆ ನಿಮ್ಮ ಗಾಡಿ ಕೆಟ್ಟರೆ ಯಾರು ರಿಪೇರಿ ಮಾಡ್ತಿದ್ರು?"

"ಇಎಂಇ ಹುಡುಗ್ರು." ಸೇನೆಯ ಗಾಡಿ, ಯಂತ್ರಗಳನ್ನು ರಿಪೇರಿ ಮಾಡುವ ವಿಭಾಗ ಅದು.

"ಅವರು ಫೌಜಿಗಳಲ್ವಾ?"

ಅವರು ತಕ್ಷಣ ಉತ್ತರಿಸಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು. ಒಮ್ಮೆ ಹಿಮದಲ್ಲಿ ಜನರೇಟರ್ ನಿಂತುಹೋಯಿತಂತೆ. ಕೈಗವಸು ಹಾಕಿಕೊಂಡರೆ ನಟ್ಟು ಹಿಡಿಯಲು ಆಗುವುದಿಲ್ಲ ಅಂತ ಒಬ್ಬ ಹುಡುಗ ಬರಿಗೈಯಲ್ಲೇ ಬಿಚ್ಚಿ ಸರಿ ಮಾಡಿದನಂತೆ. "ಅಂವ ಇರಲಿಲ್ಲಂದ್ರ ಆ ರಾತ್ರಿ ನಾವ್ಯಾರೂ ಉಳೀತಿದ್ದಿಲ್ರಿ" ಅಂದರು. ಅಣ್ಣನ ಮಗನ ಕಡೆ ತಿರುಗಿ, "ಅಂಥಾ ಕೆಲಸ ಸಿಕ್ರ ಬಿಡಬ್ಯಾಡಲೇ" ಅಂದರು. ನಾನು ಎಷ್ಟು ತಿಳಿಹೇಳಿದ್ದರೂ ಆ ಹುಡುಗನಿಗೆ ಇಷ್ಟು ಬಲ ಬರುತ್ತಿರಲಿಲ್ಲ.

ನನ್ನ ಸಲಹೆ ಇಷ್ಟೇ: ಮೊದಲು ಕೆಲಸ ನೋಡು, ಸಮವಸ್ತ್ರದ ಬಣ್ಣ ಆಮೇಲೆ. ಸೇನೆಯಲ್ಲಿ ಇಎಂಇ, ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್, ಎಂಜಿನಿಯರ್ಸ್ ಇವೆ. ಹಡಗಿನಲ್ಲಿ ಎಂಜಿನ್ ಕೋಣೆ ಇದೆ. ವಾಯುನೆಲೆಯಲ್ಲಿ ವಿಮಾನ ಸಿದ್ಧ ಮಾಡುವ ತಂತ್ರಜ್ಞರಿದ್ದಾರೆ. ಈಗ ಭರ್ತಿಯಾಗುವ ಸೈನಿಕರನ್ನು ಅಗ್ನಿವೀರ್ ಅನ್ನುತ್ತಾರೆ. ಅಗ್ನಿವೀರ್ ಟೆಕ್ನಿಕಲ್‌ಗೆ ಪಿಯುಸಿಯ ಭೌತಶಾಸ್ತ್ರ, ಗಣಿತ ಉಪಯೋಗಕ್ಕೆ ಬರುತ್ತವೆ. ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಕೆಲಸಕ್ಕೆ, ಎಸ್ಸೆಸ್ಸೆಲ್ಸಿ ಸಾಕು. ಎರಡು ವರ್ಷ ವಿಜ್ಞಾನ ಓದಿದವನು ಇದನ್ನು ತಿಳಿಯದೆ ಅರ್ಜಿ ತುಂಬಬಾರದು. ಟ್ರೇಡ್, ಅಂದರೆ ಯಾವ ಕೆಲಸ ಅನ್ನುವುದನ್ನು, ಕೊಡುವುದು ಸೇನೆ, ನೀನು ಕೇಳಿದ್ದೇ ಸಿಗುತ್ತದೆ ಅಂತಿಲ್ಲ ಅನ್ನುವುದನ್ನೂ ಹೇಳಿದೆ.

ತಾಯಿ ಕೇಳಿದರು, "ಯಾವುದರಾಗ ಅಪಾಯ ಇಲ್ಲ, ಅದನ್ನ ಹೇಳ್ರಿ." ಅಂಥದ್ದು ಇಲ್ಲವ್ವಾ ಅಂದೆ. ಸಾಂಬ್ರಾ ಹತ್ತಿರವೇ, ಆದರೆ ತರಬೇತಿ ಮುಗಿದ ಮೇಲೆ ದೇಶದ ಯಾವ ಮೂಲೆಗೂ ಹಾಕಬಹುದು. ಅವರು ಅತ್ತರು. ಸಮಾಧಾನಕ್ಕೆ ಸುಳ್ಳು ಹೇಳಬಹುದಿತ್ತು ಅಂತ ನನ್ನ ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದರು. ನಾನು ಒಪ್ಪುವುದಿಲ್ಲ. ಭಯವನ್ನು ಮಗನ ಮುಂದೆ ನೇರವಾಗಿ ಹೇಳಿಕೊಂಡ ತಾಯಿ ಅವನನ್ನು ಕಳಿಸಿಕೊಡಬಲ್ಲಳು. ಸುಳ್ಳು ನಂಬಿ ಕಳಿಸಿದವಳು ಮೊದಲ ಪೋಸ್ಟಿಂಗ್‌ಗೇ ಕುಸಿಯುತ್ತಾಳೆ.

ಇನ್ನೊಂದು ಆಕ್ಷೇಪ ಪದೇ ಪದೇ ಬರುತ್ತದೆ: "ದೇಶಸೇವೆಗೆ ಹೊರಟ ಹುಡುಗನಿಗೆ ಲೆಕ್ಕ ಹೇಳಿಕೊಡ್ತೀರಾ?" ಹೌದು, ಹೇಳಿಕೊಡುತ್ತೇನೆ. 2022ರಲ್ಲಿ ಅಗ್ನಿಪಥ ಅನ್ನುವ ಹೊಸ ಭರ್ತಿ ಯೋಜನೆ ಬಂದ ಮೇಲೆ ಸೇವೆ 4 ವರ್ಷ. ಮುಂದುವರಿಯುವವರು ಗರಿಷ್ಠ ಶೇ. 25. ಉಳಿದವರಿಗೆ ಹೊರಬರುವಾಗ ಸೇವಾ ನಿಧಿ ಅನ್ನುವ ಇಡುಗಂಟು ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ, ಪಿಂಚಣಿ ಇಲ್ಲ. ಕಾಕಾ ಭರ್ತಿಯಾದ ಕಾಲದ ಲೆಕ್ಕ ಈಗ ನಡೆಯುವುದಿಲ್ಲ. 18ಕ್ಕೆ ಸೇರಿದವನು 22ಕ್ಕೆ ಮನೆಗೆ ಬಂದರೆ ಅವನ ಕೈಯಲ್ಲಿ ಯಾವ ಕಸುಬು ಇರುತ್ತದೆ ಅಂತ ಈಗಲೇ ಕೇಳುವುದು ದೇಶಪ್ರೇಮಕ್ಕೆ ವಿರುದ್ಧವಲ್ಲ. ಜೀವವನ್ನೇ ಪಣಕ್ಕಿಡಲು ತಯಾರಾದ ಹುಡುಗನಿಗೆ ದೊಡ್ಡವರು ಕನಿಷ್ಠ ಇಷ್ಟನ್ನಾದರೂ ಹೇಳಬೇಕು.

ಅವನು ಏರ್‌ಫೋರ್ಸ್‌ಗೂ ಸೇನೆಯ ಟೆಕ್ನಿಕಲ್‌ಗೂ ಅರ್ಜಿ ಹಾಕಿದ. ನಾನು ಒತ್ತಾಯಿಸಿದ್ದಕ್ಕೆ ಎಲೆಕ್ಟ್ರಿಕಲ್ ಡಿಪ್ಲೊಮಾಗೂ ಒಂದು ಅರ್ಜಿ ತುಂಬಿದ. ನೇವಿ ಬಿಟ್ಟ. ಯಾಕೆ ಅಂತ ಕೇಳಿದೆ. "ತಿಂಗಳುಗಟ್ಟಲೆ ನೀರಿನ ಮ್ಯಾಲೆ ನನಗ ಆಗೂದಿಲ್ರಿ" ಅಂದ.