ಖಾಲಿ ಬಿಟ್ಟ ಒಂದು ಸಾಲು

ತಮ್ಮಾ, ನಿನ್ನ ಪತ್ರ ತಲುಪಿತು. ಮೊದಲು ಸೇರಿದ ಕಾಲೇಜಿನಲ್ಲಿ ಒಂದು ವರ್ಷ ಓದಿ, ನಾಲ್ಕು ವಿಷಯಗಳಲ್ಲಿ ನಪಾಸಾಗಿ ಬಿಟ್ಟೆ, ಪದವಿ ಪಡೆದದ್ದು ಬೇರೆ ಕಡೆ ಎಂದು ಬರೆದಿದ್ದೀಯ. ಅಮೆರಿಕದ ಸ್ನಾತಕೋತ್ತರ ಅರ್ಜಿಯಲ್ಲಿ ಆ ವರ್ಷವನ್ನು ತೋರಿಸಲೇಬೇಕೇ ಎಂದು ಕೇಳಿದ್ದೀಯ. ಬಾಡಿಗೆ ಮನೆ, ಚಳಿಯ ಬಟ್ಟೆಯ ವಿಚಾರವನ್ನೂ ಕೇಳಿದ್ದೀಯ. ಮನೆಯನ್ನು ಮೂರು ನಾಲ್ಕು ಜನ ಸೇರಿ ಹಿಡಿಯಿರಿ, ಬಟ್ಟೆಯನ್ನು ಬಂದ ಮೇಲೆ ಕೊಂಡರಾಯಿತು.

ಆ ವರ್ಷವನ್ನು ಮಾತ್ರ ತೋರಿಸಲೇಬೇಕು. ಇಲ್ಲಿನ ಹೆಚ್ಚಿನ ವಿಶ್ವವಿದ್ಯಾಲಯಗಳು ಪದವಿ ಕೊಟ್ಟ ಕಾಲೇಜನ್ನಷ್ಟೇ ಅಲ್ಲ, ಅರ್ಧಕ್ಕೆ ಬಿಟ್ಟದ್ದನ್ನೂ ಸೇರಿಸಿ ಓದಿದ ಎಲ್ಲ ಕಾಲೇಜುಗಳನ್ನೂ ಕೇಳುತ್ತವೆ. ಎಲ್ಲವೂ ಪೂರ್ಣ, ಎಲ್ಲವೂ ನಿಜ ಎಂದು ಕೊನೆಯಲ್ಲಿ ಸಹಿ ಮಾಡಿಸಿಕೊಳ್ಳುತ್ತವೆ. ಮುಚ್ಚಿಟ್ಟದ್ದು ಬಯಲಾದರೆ ಪ್ರವೇಶ ರದ್ದಾಗಬಹುದು, ಕೊಟ್ಟ ಪದವಿಯನ್ನೂ ಹಿಂಪಡೆಯಬಹುದು. ವಿದ್ಯಾರ್ಥಿ ವೀಸಾ ನಿಂತಿರುವುದೇ ಪ್ರವೇಶ ಸಿಕ್ಕವರಿಗೆ ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ಅರ್ಹತಾ ಪತ್ರದ ಮೇಲೆ.

ನಾನು ಅರ್ಜಿಯ ಆ ಸಾಲನ್ನು ಖಾಲಿ ಬಿಟ್ಟು ಬಂದವನು. ನಾನೂ ಒಂದು ಕಾಲೇಜನ್ನು ವರ್ಷದೊಳಗೆ ಬಿಟ್ಟಿದ್ದೆ. ಎರಡು ವರ್ಷದ ನಂತರ ಪಿಎಚ್‌ಡಿ ಅರ್ಜಿಯಲ್ಲಿ ಅದೇ ಪ್ರಶ್ನೆ ಎದುರಾಯಿತು. ನಿಜ ಬರೆದರೆ ಹಳೆಯ ಅರ್ಜಿ ಸುಳ್ಳಾಗುತ್ತಿತ್ತು. ಕೊನೆಗೆ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಒಪ್ಪಿಕೊಂಡೆ. ಅಲ್ಲಿದ್ದ ಹೆಂಗಸು ನನ್ನ ಕಡತ ತೆರೆದು, ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟು, “ಇಲ್ಲಿ ಎರಡು ವಾಕ್ಯ ಬರೆದಿದ್ದರೆ ನಾವು ಮುಂದೆ ಓದಿಕೊಂಡು ಹೋಗುತ್ತಿದ್ದೆವು” ಎಂದರು. ಪದವಿ ಉಳಿಯಿತು, ಎಚ್ಚರಿಕೆಯ ಪತ್ರ ಕಡತ ಸೇರಿತು. ಆ ವರ್ಷ ಪಿಎಚ್‌ಡಿ ಕೈತಪ್ಪಿತು.

ಅದನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಬೇರೆ. ನನಗೆ ಶಿಫಾರಸು ಪತ್ರ ಬರೆದುಕೊಟ್ಟ ಮೇಷ್ಟರು, ಈ ಹುಡುಗ ಮೊದಲಿನಿಂದಲೂ ನಮ್ಮಲ್ಲೇ ಓದಿದವನು ಎಂದು ಬರೆದಿದ್ದರು. ನಾನು ಹೇಳಿದ್ದನ್ನು ನಂಬಿ ಬರೆದದ್ದು. ನನ್ನ ಸುಳ್ಳಿಗೆ ಅವರ ಸಹಿ ಬಿದ್ದಿತ್ತು. ನಿವೃತ್ತರಾಗಿದ್ದ ಅವರು ತಿದ್ದುಪಡಿಯ ಪತ್ರವನ್ನು ಕೈಯಾರೆ ಬರೆದು ಕಳುಹಿಸಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆಮೇಲೆ ಅವರಿಗೆ ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಈಗ ಅವರಿಲ್ಲ.

ಆದ್ದರಿಂದ ನಿನಗೆ ಪತ್ರ ಬರೆಯುವ ಮೇಷ್ಟರಿಗೆ ಮೊದಲು ಎಲ್ಲವನ್ನೂ ಹೇಳು. ವಿವರಣೆಯಲ್ಲಿ ಗೋಳು ಬೇಡ: ಏನಾಯಿತು, ಆಮೇಲೆ ಹೇಗೆ ಓದಿದೆ, ಅಷ್ಟು ಸಾಕು. ಹಳೆಯ ಕಾಲೇಜಿನ ಅಂಕಪಟ್ಟಿಗೆ ಈ ವಾರವೇ ಅರ್ಜಿ ಹಾಕು, ಮೊಹರು ಮಾಡಿದ ಲಕೋಟೆ ಕೈಗೆ ಬರಲು ದಿನ ಹಿಡಿಯುತ್ತದೆ. ಕರಡನ್ನು ನನಗೆ ಕಳುಹಿಸು, ರಾತ್ರಿ ಕುಳಿತು ಓದುತ್ತೇನೆ.