ತುಳಸಿ ಮದುವೆ ಆದ ಮೇಲೆ ರಜಾ ಕೇಳಬೇಡಿ

ಅಮೆರಿಕದ ಲೂಯಿವಿಲ್‌ನಲ್ಲಿ, ಪಾರ್ಸೆಲ್ ವಿಂಗಡಿಸುವ ಹಬ್‌ನಲ್ಲಿ ರಾತ್ರಿ ಪಾಳಿಯ ಮೇಂಟೆನೆನ್ಸ್ ಕೆಲಸ ಸಿಗುವ ಹಾಗಿದೆ, ದಾವಣಗೆರೆಯ ಎಲೆಕ್ಟ್ರಿಕಲ್ ಡಿಪ್ಲೊಮಾ ನಡೆಯುತ್ತಾ, ಕೆಲಸ ಹೇಗೆ, ಊಟಕ್ಕೇನು, ವರ್ಷಕ್ಕೊಮ್ಮೆ ಊರಿಗೆ ಬರಬಹುದಾ ಅಂತ ಕೇಳಿದ್ದೀರಿ. ಅಣ್ಣಾ ಅಂತ ಬೇರೆ ಕರೆದಿದ್ದೀರಿ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಲೂಯಿವಿಲ್ ಅಂದರೆ ಯುಪಿಎಸ್ ಅನ್ನುವ ಪಾರ್ಸೆಲ್ ಕಂಪನಿಯ ದೊಡ್ಡ ವಿಮಾನ ಹಬ್ ವರ್ಲ್ಡ್‌ಪೋರ್ಟ್ ಇರುವ ಊರು, ರಾತ್ರಿ ವಿಮಾನ ಇಳಿಯಲು ಶುರುವಾದ ಮೇಲೇ ಅಲ್ಲಿ ಕೆಲಸ ಜೋರು. ನಾನಿರುವುದು ಓಹಾಯೋದ ಕೊಲಂಬಸ್‌ನಲ್ಲಿ. ಕಂಪನಿ ಬೇರೆ, ಕೆಲಸ ಅದೇ.

ಡಿಪ್ಲೊಮಾಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಲ್ಯಾಡರ್ ಡಯಾಗ್ರಂ, ಅಂದರೆ ಏಣಿಯ ಹಾಗೆ ಬರೆದ ಸರ್ಕ್ಯೂಟ್ ನಕ್ಷೆ ಓದಲು, ಮೀಟರ್ ಹಿಡಿಯಲು ಬರಬೇಕು. ಊಟಕ್ಕೆ ಡಬ್ಬಿ ಕಟ್ಟಿಕೊಂಡು ಹೋಗಿ, ಅಷ್ಟೇ. ಕೆಲಸ ಅಂದರೆ ಕನ್ವೇಯರ್, ಪಾರ್ಸೆಲ್ ಸಾಗಿಸುವ ಬೆಲ್ಟ್. ಬೆಲ್ಟ್ ಒಂದು ಕಡೆಗೆ ಸರಿಯುತ್ತದೆ, ಬೇರಿಂಗ್ ಕಿರುಗುಟ್ಟುತ್ತದೆ, ಪಾರ್ಸೆಲ್ ಬಂತಾ ಅಂತ ಬೆಳಕಿನಿಂದ ನೋಡುವ ಫೋಟೊ ಐ ಸೆನ್ಸರ್ ಮೇಲೆ ಧೂಳು ಕೂತು ಇಲ್ಲದ ಜಾಮ್ ತೋರಿಸುತ್ತದೆ. ಆಗ ಮೋಟರ್ ಬಿಚ್ಚಲು ಓಡಬೇಡಿ, ಮೊದಲು ಬಟ್ಟೆ ತಗೊಂಡು ಲೆನ್ಸ್ ಒರೆಸಿ. ನಗಬೇಡಿ, ಎಷ್ಟೋ ರಾತ್ರಿ ಅಷ್ಟೇ ಕೆಲಸ.

ಕರೆಂಟ್ ಮಾತ್ರ ಹುಷಾರು. ನಮ್ಮಲ್ಲಿ 415 ವೋಲ್ಟ್, 50 ಹರ್ಟ್ಜ್. ಇಲ್ಲಿ ದೊಡ್ಡ ಮೋಟರ್‌ಗಳಿಗೆ ಸಾಮಾನ್ಯವಾಗಿ 480 ವೋಲ್ಟ್, 60 ಹರ್ಟ್ಜ್. ಅದಕ್ಕಿಂತ ಭಯದ್ದು ಬಣ್ಣ. ಊರಲ್ಲಿ ಕಪ್ಪು ತಂತಿ ನ್ಯೂಟ್ರಲ್, ಇಲ್ಲಿ ಕಪ್ಪು ತಂತಿಯಲ್ಲಿ ಕರೆಂಟ್ ಇರುತ್ತದೆ, ನ್ಯೂಟ್ರಲ್ ಬಿಳಿ ಇಲ್ಲವೇ ಬೂದು. ನಾನು ಬಂದ ಹೊಸದರಲ್ಲಿ ಒಬ್ಬ ಹಳೇ ಮೆಕ್ಯಾನಿಕ್ ಪ್ಯಾನೆಲ್ ಬಾಗಿಲು ತೆಗೆದು ಇದನ್ನೇ ಮೊದಲು ತೋರಿಸಿದ, ಆಮೇಲೆ ನನ್ನ ಹೆಸರಿನ ಚೀಟಿ ಇದ್ದ ಕೆಂಪು ಬೀಗ ಕೈಗಿಟ್ಟ. ಮೆಷಿನ್‌ಗೆ ಕೈ ಹಾಕುವ ಮುಂಚೆ ಸ್ವಿಚ್ ಆಫ್ ಮಾಡಿ ಆ ಬೀಗ ನೀವೇ ಹಾಕಬೇಕು, ಕೀ ನಿಮ್ಮ ಜೇಬಲ್ಲೇ ಇರಬೇಕು, ಆಮೇಲೂ ಮೀಟರ್ ಇಟ್ಟು ನೋಡಬೇಕು. ಸೂಪರ್‌ವೈಸರ್ ಪಕ್ಕದಲ್ಲಿ ನಿಂತು ಗಡಿಯಾರ ನೋಡಿದರೆ ನೋಡಲಿ ಬಿಡಿ. ಫ್ಯೂಸ್ ಕಿತ್ತು "ಯಾರೂ ಹಾಕಬೇಡ್ರೋ" ಅಂತ ಕೂಗಿ ಕೆಲಸ ಮಾಡಿದವರು ನಾವು. ಇಲ್ಲಿ ಅದು ನಡೆಯುವುದಿಲ್ಲ.

ಇನ್ನು ಊರಿಗೆ ಬರುವ ಮಾತು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ಪೀಕ್, ಅಂದರೆ ಪಾರ್ಸೆಲ್ ರಾಶಿ ಬೀಳುವ ಕಾಲ, ರಜಾ ಅಂತ ಬಾಯಿ ಬಿಡುವ ಹಾಗಿಲ್ಲ. ನಮ್ಮ ಕಡೆ ತುಳಸಿ ಮದುವೆ ಮುಗಿದು ಧನುರ್ಮಾಸ ಹಿಡಿಯುವುದರೊಳಗೆ ಎಷ್ಟು ಲಗ್ನ, ನಿಮಗೇನು ಹೇಳಬೇಕಾಗಿಲ್ಲ ಅಲ್ವಾ. ಎರಡೂ ಒಂದೇ ಹೊತ್ತಿಗೆ ಬರುತ್ತವೆ. ನನ್ನ ತಂಗಿ ಮದುವೆ ಹಾಗೇ ತಪ್ಪಿತು. ಅಪ್ಪ ಇರಲಿಲ್ಲ, ನಾನೂ ನನ್ನ ಹೆಂಡತಿಯೂ ಕೂತು ಧಾರೆ ಎರೆಯಬೇಕಿತ್ತು. ಬೆಳಿಗ್ಗೆ ಹತ್ತೂವರೆ ಮುಹೂರ್ತ ಅಂದರೆ ಇಲ್ಲಿ ನಡುರಾತ್ರಿ ಹನ್ನೆರಡು. ಟ್ರಕ್ಕುಗಳು ಸಾಲಾಗಿ ನಿಂತಿದ್ದವು, ಫ್ಲೋರ್ ಮೇಲೆ ಫೋನ್ ತೆಗೆಯುವಂತಿಲ್ಲ, ನಾನು ಹರಿದ ಬೆಲ್ಟ್‌ಗೆ ಲೇಸಿಂಗ್ ಹಾಕಿ ತುದಿ ಜೋಡಿಸುತ್ತಿದ್ದೆ. ಅಲ್ಲಿ ಚಿಕ್ಕಪ್ಪ ಧಾರೆ ಎರೆದರು. ಛತ್ರದ ಖರ್ಚೆಲ್ಲ ನನ್ನ ಓವರ್‌ಟೈಮ್ ದುಡ್ಡು, ಅದನ್ನು ಇವತ್ತಿಗೂ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತೇನೆ. ತಂಗಿ ಮಾತ್ರ ಆ ಮಾತು ಎತ್ತುವುದಿಲ್ಲ. ವಿಡಿಯೋ ಕಳಿಸಿದ್ದಾಳೆ, ನಾನು ಪೂರ್ತಿ ನೋಡಿಲ್ಲ.

ಅದಕ್ಕೇ ಹೇಳುವುದು, ಸಹಿ ಹಾಕುವ ಮುಂಚೆ ಸಂಬಳದ ಜೊತೆ ರಜಾ ಹೇಗೆ ಹಂಚುತ್ತಾರೆ ಅಂತಲೂ ಕೇಳಿ. ಬಹಳ ಕಡೆ ಸೀನಿಯಾರಿಟಿ ಮೇಲೆ ಹೋಗುತ್ತದೆ, ಹೊಸಬರಿಗೆ ಉಳಿದ ವಾರಗಳು. ಮನೆಯಲ್ಲಿ ಮದುವೆ ವಯಸ್ಸಿಗೆ ಬಂದವರು ಇದ್ದರೆ ಮುಹೂರ್ತ ಫೆಬ್ರವರಿ ಮೇಲೆ ನೋಡಿ ಅಂತ ಈಗಲೇ ಅಮ್ಮನ ಕಿವಿಗೆ ಹಾಕಿ. ಸೇಫ್ಟಿ ಶೂ ಊರಿಂದ ತರಬೇಡಿ, ಇಲ್ಲಿನ ಸುರಕ್ಷತಾ ಮಾನದಂಡದ ಎಎಸ್‌ಟಿಎಂ ಗುರುತು ಇಲ್ಲದಿದ್ದರೆ ಇಲ್ಲಿ ಒಳಗೆ ಬಿಡುವುದಿಲ್ಲ.