ಸೆಲ್ಫ್ ಒತ್ತಿದರೆ ಬರೀ ‘ಟಕ್’: ಮೋಟಾರ್, ವೈರಿಂಗ್ ಕಿಟ್ ಎರಡೂ ಬಿಡಿ, ಮೊದಲು ಅರ್ತ್ ನೋಡಿ

ಹೊಸ ಬ್ಯಾಟರಿ ಹಾಕಿಸಿ ಆಯ್ತು, ಆದರೂ ಬೈಕಿನ ಸೆಲ್ಫ್ ಬಟನ್ ಒತ್ತಿದರೆ ಒಂದೇ ಒಂದು ‘ಟಕ್’, ಹೆಡ್‌ಲೈಟ್ ಮಾತ್ರ ಝಗಝಗ. ಇನ್ನು ಸೆಲ್ಫ್ ಮೋಟಾರ್ ಬದಲಿಸಲೋ, ವೈರಿಂಗ್ ಕಿಟ್ಟೇ (ಗಾಡಿಯ ವೈರ್‌ಗಳ ಇಡೀ ಕಟ್ಟು) ಬದಲಿಸಲೋ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ, ಮೊದಲು ಅರ್ತ್ ನೋಡಿ, ಅಂದರೆ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಕಡೆಗೆ ಹೋಗುವ ದಪ್ಪ ವೈರ್. ಒಂದು ರೂಪಾಯಿಯನ್ನೂ ಬಿಚ್ಚುವ ಮೊದಲು ಇದನ್ನು ಪೂರ್ತಿ ಓದಿ. ಇದೇ ‘ಟಕ್’ ನಾನು ಒಂದಿಡೀ ಮಳೆಗಾಲ ಕೇಳಿದ್ದೇನೆ.

ನನ್ನದು 150 ಸಿಸಿ ಗಾಡಿ, ಕಾರ್ಬ್ಯುರೇಟರ್ ಕಾಲದ್ದು, ಕಿಕ್ಕರ್ ಇಲ್ಲ. ಊರು ಶಿರಸಿ ಹತ್ತಿರ. ಇಲ್ಲಿ ಜೂನ್ ಹಿಡಿದರೆ ಗಾಡಿಯ ಮೈ ಒಣಗುವುದು ಸೆಪ್ಟೆಂಬರ್ ಕಳೆದ ಮೇಲೆಯೇ. ತುಕ್ಕು ಹಿಡಿಯದಿರಲಿ ಅಂತ ಮಳೆಗೆ ಮುಂಚೆ ಚಾಸಿಗೂ ಎಂಜಿನ್ ಕೂರುವ ಬ್ರಾಕೆಟ್ಟಿಗೂ ಬಣ್ಣ ಹೊಡೆಸಿದ್ದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಳೆ ಜೋರಾದ ಮೇಲೆ ಒಂದು ಬೆಳಿಗ್ಗೆ ‘ಟಕ್’ ಶುರುವಾಯಿತು. ಗ್ಯಾರೇಜಿನವರು ಬ್ಯಾಟರಿ ಹಳತಾಗಿದೆ ಅಂದರು, ಹೊಸದು ಹಾಕಿಸಿದೆ. ಒತ್ತಿದ ತಕ್ಷಣ ಸ್ಟಾರ್ಟ್! ಕೆಲವು ದಿನ ಬಿಟ್ಟು ಮತ್ತೆ ‘ಟಕ್’. ಆಗ ರಿಲೇ (ಬಟನ್ ಒತ್ತಿದಾಗ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬಿಡುವ ಸ್ವಿಚ್) ಬದಲಾಯಿಸಿದರು, ಮತ್ತೆ ಸರಿಹೋಯಿತು, ಮತ್ತೆ ಕೈಕೊಟ್ಟಿತು. ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿ ಕಾರ್ಬನ್ ಬ್ರಷ್ ಹೊಸದು ಕೂರಿಸಿದರು. ಅದೂ ಅಷ್ಟೇ. ಪ್ರತಿ ಸಲವೂ ರಿಪೇರಿ ನಾಲ್ಕು ದಿನ ನಿಂತದ್ದೇ ನನಗೆ ಮೋಸವಾಯಿತು. ಯಾವ ಪಾರ್ಟ್ ಬದಲಿಸಿದರೂ ಆ ಗಡಿಬಿಡಿಯಲ್ಲಿ ಬ್ಯಾಟರಿಯ ನೆಗೆಟಿವ್ ವೈರ್ ಒಮ್ಮೆ ಅಲುಗಾಡುತ್ತಿತ್ತು, ಅಲುಗಾಡಿದಾಗ ಸ್ವಲ್ಪ ಕಚ್ಚಿಕೊಳ್ಳುತ್ತಿತ್ತು. ನಾನೋ, ಬದಲಿಸಿದ ಪಾರ್ಟೇ ಕೆಟ್ಟಿತ್ತು ಅಂತ ನಂಬಿಬಿಡುತ್ತಿದ್ದೆ.

ಕುಮಟಾದಿಂದ ಹೆಂಡತಿಯನ್ನು ಕೂರಿಸಿಕೊಂಡು ಬರುವಾಗ ದೇವಿಮನೆ ಘಟ್ಟದಲ್ಲಿ ಮಳೆ ಜಡಿಯಿತೆಂದು ನಿಲ್ಲಿಸಿದೆ. ಮಳೆ ಹನಿ ಕಡಿಮೆಯಾದ ಮೇಲೆ ಒತ್ತಿದರೆ ‘ಟಕ್’. ಗಾಡಿ ತಿರುಗಿಸಿ ಇಳಿಜಾರಲ್ಲಿ ಬಿಟ್ಟು, ಎರಡನೇ ಗೇರ್ ಹಾಕಿ ಕ್ಲಚ್ ಬಿಟ್ಟೆ, ಒಂದೇ ಏಟಿಗೆ ಎಂಜಿನ್ ಎದ್ದಿತು. ಸ್ಪಾರ್ಕ್ ಸರಿ, ಪೆಟ್ರೋಲ್ ಸರಿ, ಇಗ್ನಿಷನ್ ಸರಿ, ಕೆಟ್ಟಿರುವುದು ಸೆಲ್ಫ್ ಮೋಟಾರ್, ಇಲ್ಲವೇ ಅದಕ್ಕೆ ಕರೆಂಟ್ ಹೋಗಿ ಬರುವ ದಾರಿ ಮಾತ್ರ. ಇಷ್ಟನ್ನು ಆ ಘಟ್ಟವೇ ಹೇಳಿಕೊಟ್ಟಿತ್ತು.

ಅರ್ತ್ ಇರಬಹುದೇ ಅನ್ನುವ ಸಂಶಯ ನನಗೂ ಬಂದಿತ್ತು. ಮನೆಯಲ್ಲಿ ಮಲ್ಟಿಮೀಟರ್ ಇತ್ತು. ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್‌ಗೆ ಇಟ್ಟು ಕಂಟಿನ್ಯುಯಿಟಿ, ಅಂದರೆ ನಡುವೆ ಕರೆಂಟ್ ಹರಿಯುತ್ತದೆಯೇ ಅಂತ, ನೋಡಿದೆ. ‘ಬೀಪ್’ ಅಂದಿತು. ಬ್ಯಾಟರಿ 12.6 ವೋಲ್ಟ್ ತೋರಿಸಿತು. ಅಲ್ಲಿಗೆ ಅರ್ತ್ ಸರಿ ಅಂತ ತೀರ್ಮಾನ ಮಾಡಿ ಆ ಬಾಗಿಲನ್ನೇ ಮುಚ್ಚಿಬಿಟ್ಟೆ. ಮುಂದೆ ಯಾರಾದರೂ ಅರ್ತ್ ಅಂದರೂ ‘ನೋಡಿದೀನಿ, ಬೀಪ್ ಬರ್ತದೆ’ ಅನ್ನುತ್ತಿದ್ದೆ. ನನ್ನ ಸಾವಿರಗಟ್ಟಲೆ ದುಡ್ಡು ಹೋದದ್ದು ಮೋಟಾರಿಗಲ್ಲ, ಬ್ಯಾಟರಿಗಲ್ಲ, ಈ ಬೀಪಿಗೆ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ನೀವೂ ಇಲ್ಲೇ ಎಡವುತ್ತೀರಿ. ಮೀಟರ್ ಆ ಬೀಪಿಗಾಗಿ ಬಿಡುವ ಕರೆಂಟ್ ಒಂದೆರಡು ಮಿಲಿಆಂಪಿಯರ್, ಅಷ್ಟೇ. ನೂರೆಂಟು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅಷ್ಟು ಆರಾಮಾಗಿ ಹರಿಯುತ್ತದೆ. ಎಷ್ಟೋ ಮೀಟರ್‌ಗಳು ಹತ್ತಾರು ಓಮ್ ರೆಸಿಸ್ಟೆನ್ಸ್ ಇದ್ದರೂ ಬೀಪ್ ಅನ್ನುತ್ತವೆ. ಸೆಲ್ಫ್ ಮೋಟಾರಿಗೆ ಬೇಕಾದ್ದು ಹತ್ತಾರು ಆಂಪಿಯರ್. ದಾರಿಯಲ್ಲಿ ಒಂದೇ ಒಂದು ಓಮ್ ಅಡ್ಡ ಬಂತು ಅನ್ನಿ, 12 ವೋಲ್ಟಿನ ಬ್ಯಾಟರಿಯಿಂದ 12 ಆಂಪಿಯರಿಗಿಂತ ಹೆಚ್ಚು ಹರಿಯಲು ಸಾಧ್ಯವೇ ಇಲ್ಲ. ಮೋಟಾರ್ ಅಲುಗಲೂ ಸಾಲದು ಅದು. ತೋಟದ ಸ್ಪ್ರಿಂಕ್ಲರ್ ಪೈಪಿನ ಫಿಲ್ಟರ್ ಕಟ್ಟಿಕೊಂಡಿದ್ದರೂ ವಾಲ್ವ್ ಮುಚ್ಚಿದ್ದಾಗ ಗೇಜ್ ಪೂರ್ತಿ ಪ್ರೆಶರ್ ತೋರಿಸುತ್ತದೆ. ವಾಲ್ವ್ ಬಿಟ್ಟಾಗಲೇ ಗೊತ್ತಾಗುವುದು ನೀರು ಇಲ್ಲ ಅಂತ. ಹಾಗೆಯೇ ಸುಮ್ಮನೆ ನಿಂತ ಗಾಡಿಯಲ್ಲಿ ಅಳೆದ ಯಾವ ಅಳತೆಯೂ ಸೆಲ್ಫ್ ವಿಷಯಕ್ಕೆ ಸಾಕ್ಷಿಯಲ್ಲ. ಸೆಲ್ಫ್ ಒತ್ತಿ ಹಿಡಿದಾಗಲೇ ಅಳೆಯಬೇಕು.

ಕೊನೆಗೆ ಶಿರಸಿಯ ಹಳೇ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ಅವರು ಮೀಟರ್ ಮುಟ್ಟಲೇ ಇಲ್ಲ. ದಪ್ಪನೆಯ ಜಂಪರ್ ವೈರಿನ ಒಂದು ತುದಿಯನ್ನು ಬ್ಯಾಟರಿ ನೆಗೆಟಿವ್‌ಗೆ ಕಚ್ಚಿಸಿ, ಇನ್ನೊಂದನ್ನು ಬಣ್ಣವಿಲ್ಲದ ಎಂಜಿನ್ ಬೋಲ್ಟಿಗೆ ಒತ್ತಿ ಹಿಡಿದು, ‘ತಮ್ಮಾ, ಈಗ ಒತ್ತು’ ಅಂದರು. ಎಂಜಿನ್ ಗರ್‍ರನೆ ತಿರುಗಿ ಸ್ಟಾರ್ಟ್ ಆಯಿತು. ಮತ್ತೆ ಅರ್ತ್ ವೈರ್ ಎಂಜಿನ್ ಬ್ರಾಕೆಟ್ಟಿಗೆ ಕೂರುವ ಬೋಲ್ಟ್ ಬಿಚ್ಚಿ ತೋರಿಸಿದರು. ಲಗ್ಗಿನ (ವೈರ್ ತುದಿಯ ಲೋಹದ ಬಳೆ) ಕೆಳಗೆ ನಾನೇ ಹೊಡೆಸಿದ ಬಣ್ಣ. ಲಗ್ಗಿನ ಒಳಗೆ, ವೈರ್ ಒತ್ತಿ ಕೂರಿಸಿದ ಜಾಗದಲ್ಲಿ, ತಾಮ್ರದ ಎಳೆಗಳಿಗೆಲ್ಲ ಹಸಿರು ಕಿಲುಬು ಹತ್ತಿ, ಬೆರಳಲ್ಲಿ ಮುರಿದರೆ ಪುಡಿಯಾಗಿ ಉದುರುತ್ತಿತ್ತು. ಮೇಲಿನ ಕಪ್ಪು ಪ್ಲಾಸ್ಟಿಕ್ ಮಾತ್ರ ಹೊಸದರಂತಿತ್ತು.

ನಿಮ್ಮ ಲಕ್ಷಣವೂ ಇದನ್ನೇ ಹೇಳುತ್ತಿದೆ. ಬ್ಯಾಟರಿ ಬಡವಾದರೆ ಸೆಲ್ಫ್ ಒತ್ತಿದಾಗ ಲೈಟ್ ಮಂಕಾಗುತ್ತದೆ, ರಿಲೇ ‘ಟಿಕ್ಟಿಕ್ಟಿಕ್’ ಅಂತ ಬಡಿದುಕೊಳ್ಳುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಕಿಲ್ ಸ್ವಿಚ್, ಕ್ಲಚ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಬೇಕು. ಒಂದೇ ‘ಟಕ್’, ಲೈಟ್ ಸ್ವಲ್ಪವೂ ಕುಗ್ಗದೆ ಉರಿಯುತ್ತಿದೆ ಅಂದರೆ ಬ್ಯಾಟರಿಯಿಂದ ಮೋಟಾರಿಗೆ ಬೇಕಾದ ಕರೆಂಟ್ ಹೊರಡುತ್ತಲೇ ಇಲ್ಲ, ಹೆಚ್ಚಾಗಿ ದಪ್ಪ ವೈರಿನ ದಾರಿ ಎಲ್ಲೋ ಕಟ್ಟಿರುತ್ತದೆ. (2017ರ ಏಪ್ರಿಲ್ ನಂತರದ ಗಾಡಿಗಳಿಗೆ ಹೆಡ್‌ಲೈಟ್ ಸ್ವಿಚ್ಚೇ ಇಲ್ಲ, ಕೆಲವದರಲ್ಲಿ ಎಂಜಿನ್ ಓಡಿದರೇ ಲೈಟ್. ಇದನ್ನು ಓದುವ ಬೇರೆಯವರು ಹಾರ್ನ್ ಒತ್ತಿಕೊಂಡು ಸೆಲ್ಫ್ ಹೊಡೆದು ಅದರ ಸದ್ದು ಕುಗ್ಗುತ್ತದೆಯೇ ನೋಡಿ.)

ಮೀಟರ್ ಇದ್ದರೆ ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ, ಅದರ ಮೇಲಿನ ಲಗ್ಗಿಗಲ್ಲ. ಕೆಂಪು ಕಡ್ಡಿ ಎಂಜಿನ್ನಿನ ಬರಿಯ ಲೋಹಕ್ಕೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಯಾರಾದರೂ ಸೆಲ್ಫ್ ಒತ್ತಲಿ. 0.2, 0.3 ಬಂದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ನನ್ನ ಗಾಡಿಯಲ್ಲಿ ಆಮೇಲೆ ಕುತೂಹಲಕ್ಕೆ ಹಳೇ ವೈರ್ ಮತ್ತೆ ಹಾಕಿ ಅಳೆದಾಗ 8 ವೋಲ್ಟಿಗೂ ಮೇಲೆ ಬಂತು. ಮೋಟಾರಿಗೆ ಉಳಿಯುತ್ತಿದ್ದದ್ದು ಬರೀ ನಾಲ್ಕು. ಅರ್ತ್ ಸರಿಯಿದ್ದರೆ ಇದೇ ಅಳತೆಯನ್ನು ಬ್ಯಾಟರಿ ಪಾಸಿಟಿವ್ ಮತ್ತು ಮೋಟಾರಿನ ಬೋಲ್ಟ್ ನಡುವೆ ಮಾಡಿ. ಅಲ್ಲಿ ಸುಮ್ಮನಿದ್ದಾಗ 12 ತೋರಿಸುತ್ತದೆ, ಹೆದರಬೇಡಿ, ರಿಲೇ ತೆರೆದಿರುವುದರಿಂದ ಹಾಗೆ. ಒತ್ತಿದಾಗ ಅದು ಸೊನ್ನೆಯ ಹತ್ತಿರ ಇಳಿಯಬೇಕು. ಇಳಿಯದಿದ್ದರೆ ರಿಲೇ ಅಥವಾ ಪಾಸಿಟಿವ್ ವೈರ್. ಎರಡೂ ಕಡೆ ಪಾಸಾದರೆ ಮಾತ್ರ ಮೋಟಾರ್ ಬಿಚ್ಚುವ ಮಾತು.

ವೈರಿಂಗ್ ಕಿಟ್ ಬದಲಿಸಿ ಅನ್ನುವವರ ಮಾತು ಈ ತೊಂದರೆಗೆ ಕೇಳಲೇಬೇಡಿ. ಬಹಳಷ್ಟು ಗಾಡಿಗಳಲ್ಲಿ ಸೆಲ್ಫ್‌ನ ದಪ್ಪ ವೈರ್‌ಗಳು ಆ ಕಿಟ್ಟಿನ ಭಾಗವೇ ಅಲ್ಲ. ಕಾರ್ಖಾನೆ ಕಟ್ಟಿದ ಕಿಟ್ ಒಮ್ಮೆ ಬಿಚ್ಚಿದರೆ ಅದೇ ಅಚ್ಚುಕಟ್ಟಿನಲ್ಲಿ ಮತ್ತೆ ಕೂರಿಸುವವರು ಅಪರೂಪ.

ಅರ್ತ್ ಅಂತ ಖಾತ್ರಿಯಾದರೆ ಇಗ್ನಿಷನ್ ಆಫ್ ಮಾಡಿ ಮೊದಲು ನೆಗೆಟಿವ್ ಬಿಚ್ಚಿ. ಬೋಲ್ಟ್ ಕೂರುವ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಹೊಳೆಯುವ ಲೋಹ ಬರುವ ತನಕ ಉಜ್ಜಿ. ವೈರ್ ಹಳತಾಗಿದ್ದರೆ ಅದೇ ದಪ್ಪದ್ದು ಹೊಸದು ಹಾಕಿಸಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಬ್ಯಾಟರಿ ಮತ್ತೆ ಜೋಡಿಸುವಾಗ ಮಾತ್ರ ಪ್ಲಸ್ ಮೈನಸ್ ಅದಲುಬದಲಾಗದಂತೆ ನೋಡಿಕೊಳ್ಳಿ, ಬ್ಯಾಟರಿ ಚಾರ್ಜ್ ಮಾಡುವ ರೆಕ್ಟಿಫೈಯರ್ ಕ್ಷಣದಲ್ಲಿ ಸುಟ್ಟುಹೋಗಬಹುದು.

ಸೆಲ್ಫ್ ಒತ್ತಿದಾಗ ಎರಡೂ ಕಡೆ ಎಷ್ಟೆಷ್ಟು ವೋಲ್ಟ್ ಬಂತು ಅಂತ ಕೆಳಗೆ ಬರೆಯಿರಿ. ಅದು ನೋಡಿ ಮುಂದಿನದು ಹೇಳುತ್ತೇನೆ. ಅಲ್ಲಿಯವರೆಗೆ ಮೋಟಾರ್ ಆರ್ಡರ್ ಮಾಡಬೇಡಿ.